ಬರೀ ನೋಡಿದ್ದಕ್ಕೆ

"ಬರೀ ನೋಡಿದ್ದಕ್ಕೆ ಐನೂರು ರೂಪಾಯಿ ತಗೊಂಡ್ರು ದೊಡ್ಡಪ್ಪಾ!"

ತಮ್ಮನ ಮಗ ಹೀಗಂದು ತಿಂಗಳಾಯಿತು. ಹಲ್ಲಿನ ಸಂದಿಗೆ ಸಿಕ್ಕಿದ ಅಡಿಕೆ ಚೂರಿನ ಹಾಗೆ ಆ ಮಾತು ಇನ್ನೂ ಹೋಗಿಲ್ಲ.

ನಮ್ಮದು ಪಾಂಡವಪುರದ ಕಡೆ. ಮನೆ ಮುಂದೆ ನಿಂತರೆ ಕುಂತಿಬೆಟ್ಟ, ಹಿತ್ತಲು ದಾಟಿದರೆ ಕಬ್ಬಿನ ಗದ್ದೆ. ಕಬ್ಬಿಗೆ ಹಂದಿ ಬೀಳುತ್ತವೆ. ಅವನ್ನು ಸದ್ದು ಮಾಡಿ ಓಡಿಸಲೆಂದು ತಾತ ಬೆಳೆ ರಕ್ಷಣೆಯ ಲೈಸೆನ್ಸ್ ಮಾಡಿಸಿ ತಂದಿಟ್ಟ ಒಂಟಿ ನಳಿಗೆಯ ಕೇಪಿನ ಕೋವಿಯೊಂದು ಮನೆಯಲ್ಲಿದೆ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಕೂರುತ್ತದೆ, ಮುಗಿದ ಮೇಲೆ ಮನೆಗೆ ಬರುತ್ತದೆ. ಈಚೆಗೆ ನಳಿಗೆಯ ಬಾಯಿಯ ಹತ್ತಿರ ಕೂದಲೆಳೆಯಷ್ಟು ಬಿರುಕು ಕಂಡಿತು. ಹುಡುಗ ಅದನ್ನು ಮೈಸೂರಿಗೆ ಒಯ್ದು, ಕೋವಿ ರಿಪೇರಿಯವರ ಮುಂದಿಟ್ಟು, ತುದಿಯಲ್ಲಿ ನಾಲ್ಕು ಬೆರಳು ಕುಯ್ದು ಕೊಡಿ ಅಂದಿದ್ದಾನೆ. ಅವರು ನೋಡಿ, ಆಗಲ್ಲ ಅಂದರಂತೆ. ಐನೂರು ಇಸಕೊಂಡರಂತೆ.

"ನಮ್ಮ ವೆಲ್ಡಿಂಗ್ ಅಂಗಡಿಯವನು ಇನ್ನೂರಕ್ಕೇ ಮಾಡ್ಕೊಡ್ತೀನಿ ಅಂತಾವ್ನೆ" ಅಂದ. ನನ್ನ ಎದೆ ಧಸಕ್ಕೆಂದಿತು.

ಕೂರಿಸಿಕೊಂಡು ಕೇಳಿದೆ: ಅವರು ನೋಡಿದ್ದು ಹೇಗಪ್ಪ? ಹುಡುಗ ನೆನಪು ಮಾಡಿಕೊಂಡು ಹೇಳುತ್ತ ಹೋದ. ಮೊದಲು ಮದ್ದು ತುಂಬಿಲ್ಲವೆಂದು ಖಾತ್ರಿ ಮಾಡಿಕೊಂಡರು. ನಳಿಗೆಯನ್ನು ಮರದಿಂದ ಬಿಡಿಸಿ, ಹಿಂಬದಿಯ ತಿರುಪು ತೆಗೆದರು. ಗಜಕ್ಕೆ ಎಣ್ಣೆಬಟ್ಟೆ ಸುತ್ತಿ ಎಳೆದರೆ ಬಟ್ಟೆ ಗೋಪಿ ಬಣ್ಣಕ್ಕೆ ತಿರುಗಿತ್ತು. ಆಮೇಲೆ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಬೆರಳಲ್ಲಿ ತಿರುಗಿಸುತ್ತ ಬಹಳ ಹೊತ್ತು ನೋಡಿದರು. ನೆಟ್ಟಗಿರುವ ನಳಿಗೆಯೊಳಗೆ ಬೆಳಕು ಬಳೆ ಬಳೆಯಾಗಿ, ಒಂದರೊಳಗೊಂದು ಕೂತಿರುತ್ತದೆ. ಎಲ್ಲಾದರೂ ಉಬ್ಬಿದ್ದರೆ, ಬಾಗಿದ್ದರೆ ಆ ಬಳೆ ಸೊಟ್ಟಗಾಗುತ್ತದೆ. ಕೊನೆಗೆ ನಳಿಗೆಯನ್ನು ದಾರದಲ್ಲಿ ತೂಗುಹಾಕಿ ಉಗುರಿನಿಂದ ತಟ್ಟಿ ಕಿವಿಗೊಟ್ಟರು. ಗಡಿಗೆ ಕೊಳ್ಳುವಾಗ ನಮ್ಮ ಹೆಂಗಸರು ತಟ್ಟಿ ನೋಡುವ ಹಾಗೆ. "ಬಿರುಕು ತುದಿಯಲ್ಲಿ ಕಾಣ್ತದೆ, ಸದ್ದು ಇನ್ನೂ ಒಳಗಿಂದ ಬರ್ತಾ ಇದೆ" ಅಂದರಂತೆ.

ಇದು ಬರೀ ನೋಡಿದ್ದೇ?

ಕಾನೂನಿನ ಮಾತೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಕೋವಿ ರಿಪೇರಿ ಮಾಡುವವರಿಗೇ ಲೈಸೆನ್ಸ್ ಬೇಕು. ಲೈಸೆನ್ಸಿಲ್ಲದೆ ನಳಿಗೆಯನ್ನು ಗಿಡ್ಡ ಮಾಡುವುದು ಅಪರಾಧ. ಇನ್ನೂರಕ್ಕೆ ಕುಯ್ಯುವವನು ನಮ್ಮ ಹುಡುಗನನ್ನು ಜೈಲಿನ ಬಾಗಿಲಿಗೆ ಬಿಟ್ಟು ಬರುತ್ತಿದ್ದ. ಅದಕ್ಕಿಂತ ಹೆಚ್ಚಿನ ಹೆದರಿಕೆ ನನಗೆ ಬೇರೆ. ಕೆ.ಆರ್. ಪೇಟೆ ಕಡೆಯ ನೆಂಟರೊಬ್ಬರು ನಮ್ಮ ಮನೆಗೆ ಬರುತ್ತಿದ್ದರು. ಎಡಗೈಯನ್ನು ಯಾವಾಗಲೂ ಟವೆಲ್ಲಿನ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಬೆಸುಗೆ ಹಾಕಿಸಿದ ನಳಿಗೆ ಸಿಡಿದು ಎರಡು ಬೆರಳು ಹೋಗಿದ್ದವು.

ತಾತನಿಗೆ ಈ ಕೋವಿ ಟಿಪ್ಪುವಿನ ಕಾಲದ್ದೆಂದು ಹೇಳುವ ಚಪಲ. ನೆಂಟರು ಜಗಲಿಗೆ ಕೂತರೆ ಸಾಕು, ಇಂಗ್ಲಿಷ್ ದಂಡನಾಯಕ ಕಾರ್ನ್‌ವಾಲಿಸನ ಮೇಲೆ ಹಾರಿದ್ದು ಇದೇ ಅನ್ನುತ್ತಿದ್ದರು. ಕೇಪೆಂಬ ಆ ಪುಟ್ಟ ತಾಮ್ರದ ಟೋಪಿ ಬಳಕೆಗೆ ಬಂದದ್ದೇ ಟಿಪ್ಪುವಿನ ಶ್ರೀರಂಗಪಟ್ಟಣ ಬಿದ್ದು ಎಷ್ಟೋ ವರ್ಷಗಳ ಮೇಲೆ. ಟಿಪ್ಪುವಿನ ಸಿಪಾಯಿಗಳ ಕೈಯಲ್ಲಿದ್ದದ್ದು ಚಕಮಕಿ ಕಲ್ಲಿನ ಕೋವಿ, ಜಾಮಗಿಯ ಕೋವಿ. ಆದರೆ ತಾತನ ಮುಂದೆ ಅದನ್ನು ಹೇಳುವವರು ಯಾರು?

ಆ ಬಡಾಯಿಯ ಬೆನ್ನು ಹತ್ತಿಯೇ ನಾನು ಪಟ್ಟಣದ ಕಥೆ ಓದಿದೆ. ನಮ್ಮ ಪಾಂಡವಪುರವನ್ನು ಇಂಗ್ಲಿಷರು ಫ್ರೆಂಚ್ ರಾಕ್ಸ್ ಅನ್ನುತ್ತಿದ್ದರು. ಹೈದರ್, ಟಿಪ್ಪುವಿನ ಚಾಕರಿಗೆ ಬಂದ ಫ್ರೆಂಚರು ಈ ಬಂಡೆಗಳ ಮಗ್ಗುಲಲ್ಲಿ ಬೀಡುಬಿಟ್ಟಿದ್ದರು. ಶ್ರೀರಂಗಪಟ್ಟಣದಲ್ಲಿ ಕೋವಿಯ ಕಾರ್ಖಾನೆಯಿತ್ತು. ಆ ಕಾಲದ ಒಳ್ಳೆಯ ನಳಿಗೆಯೆಂದರೆ ಕಾದ ಕಬ್ಬಿಣದ ಪಟ್ಟಿಯನ್ನು ಸಲಾಕೆಗೆ ಹಗ್ಗದಂತೆ ಸುತ್ತಿ, ಬಡಿದು ಬೆಸೆದು, ಒಳಗೆ ಕೊರೆದು ನುಣುಪು ಮಾಡಿದ್ದು. ಒಂದು ಸುತ್ತು ಸರಿಯಾಗಿ ಬೆಸೆಯದೆ ಹೋದರೂ ಹಿಡಿದವನ ಮುಖಕ್ಕೇ ಸಿಡಿಯುತ್ತದೆ. ಸುಲ್ತಾನನಿಗೆಂದು ಮಾಡಿದ ಕೋವಿಗಳ ಮೇಲೆ ಹುಲಿಪಟ್ಟೆಯಿದೆ, ಹೈದರನ ಹೆಸರಿನ ಮುದ್ರೆಯಿದೆ. ಕೆಲವುಗಳ ಮೇಲೆ ಇನ್ನೂ ಒಂದಿದೆ: ಮಾಡಿದ ಊರು, ಟಿಪ್ಪು ತಾನೇ ಚಾಲ್ತಿಗೆ ತಂದ ಮೌಲೂದಿ ಶಕೆಯ ವರ್ಷ, ಮತ್ತು ಮಾಡಿದವನ ಹೆಸರು. ರಾಜನ ಆಯುಧದ ಮೇಲೆ ಕುಲುಮೆಯವನ ಹೆಸರು! ಕೂಲಿ ಎಷ್ಟು ಕೊಟ್ಟರೋ, ಅದರ ಜೊತೆಗೆ ಕೊಟ್ಟದ್ದು ಇದು. ಚೆನ್ನಾಗಿದ್ದರೆ ನಿನ್ನದು, ಸಿಡಿದರೂ ನಿನ್ನದು.

ಬಾಣಗಳ, ಅಂದರೆ ಆ ಕಾಲದ ರಾಕೆಟ್ಟುಗಳ, ನಳಿಗೆಯೂ ಅಷ್ಟೇ ಗಟ್ಟಿ ಕೆಲಸ. ಮೈಸೂರಿನವರು ಬಾಣಕ್ಕೆ ಕಬ್ಬಿಣದ ಕೊಳವೆ ಹಾಕಿದ್ದರಿಂದ ಮದ್ದನ್ನು ಒತ್ತಿ ತುಂಬಲು ಬಂತು, ಬಾಣ ದೂರ ಹಾರಿತು. 1799ರ ಮೇ 4ರಂದು ಪಟ್ಟಣ ಬಿದ್ದಮೇಲೆ ಇಂಗ್ಲೆಂಡಿಗೆ ಹೋದ ಬಾಣಗಳನ್ನು ನೋಡಿಕೊಂಡೇ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳು ಬಾವಿಯೊಂದನ್ನು ತೋಡಿದಾಗ ಅಂಥ ಸಾವಿರಕ್ಕೂ ಹೆಚ್ಚು ಬಾಣಗಳು ಸಿಕ್ಕವು. ಇನ್ನೂರು ವರ್ಷ ಕೆಸರಲ್ಲಿದ್ದೂ ಕೊಳವೆ ಕೊಳವೆಯಾಗಿಯೇ ಇತ್ತು. ಪಟ್ಟಣದಲ್ಲಿ ರೈಲಿನ ಜೋಡಿ ಹಳಿಗೆ ಅಡ್ಡ ಬಂದ ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ಎತ್ತಿ, ನೂರು ಮೀಟರಿಗೂ ಆಚೆ ಸರಿಸಿದರು. ಇಟ್ಟಿಗೆ ಗಾರೆಗೆ ಅಷ್ಟು ಮರ್ಯಾದೆ ಕೊಡಲು ನಮಗೆ ಬರುತ್ತದೆ. ಬದುಕಿರುವ ಕೈಗೆ ಐನೂರು ಕೊಡುವಾಗ ಹೊಟ್ಟೆ ಉರಿಯುತ್ತದೆ.

ಗುಳ ತಟ್ಟಿಕೊಡುವ ಆಚಾರ್ರಿಗೆ ನಮ್ಮ ಹಿರಿಯರು ಸುತ್ತಿಗೆಯ ಪೆಟ್ಟು ಎಣಿಸಿ ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಕರೆದು ರಾಗಿ ಅಳೆದು ಆಯ ಕೊಡುತ್ತಿದ್ದರು. ಅದು ವರ್ಷವೆಲ್ಲ ಅವರು ಇದ್ದುದಕ್ಕೆ, ಬೇಡದ್ದನ್ನು ಬೇಡ ಅಂದದ್ದಕ್ಕೆ. ಕೆಲಸದವರನ್ನು ಆರಿಸುವುದಕ್ಕೆ ನನಗೆ ಇದೊಂದೇ ಅಳತೆ ಗೊತ್ತು: ತಾನು ಮಾಡಿದ್ದರ ಮೇಲೆ ಹೆಸರು ಕೆತ್ತಲು ಹೆದರದವನು, ಕೆತ್ತಲಾಗದ ಕೆಲಸಕ್ಕೆ ಕೈ ಹಾಕದವನು. ಮೈಸೂರಿನವರು ಆಗಲ್ಲ ಅಂದದ್ದೇ ಅವರ ಹೆಸರು.

ನಾನು ಹುಡುಗನಾಗಿದ್ದಾಗ ತಾತ ಒಮ್ಮೆ ನಾಗಮಂಗಲದ ಕಡೆ ಲೈಸೆನ್ಸಿದ್ದ ಆಚಾರ್ರೊಬ್ಬರ ಹತ್ತಿರ ಇದೇ ಕೋವಿ ಒಯ್ದಿದ್ದರು. ದೇವರ ವಿಗ್ರಹ ಎರಕ ಹುಯ್ಯುವವರ ಸೀಮೆ ಅದು; ಬೀದಿಯಲ್ಲೆಲ್ಲ ಲೋಹದ ಸದ್ದು. ಆಚಾರ್ರು ನಳಿಗೆ ಬೆಳಕಿಗೆ ಹಿಡಿದರು, ತಟ್ಟಿದರು. "ಯಜಮಾನ್ರೇ, ಇದನ್ನ ಮುಟ್ಟಬಾರ್ದು. ಮದ್ದು ಕಮ್ಮಿ ಹಾಕಿ, ತೇವ ತಾಗದಂಗೆ ಇಡಿ" ಅಂದರು. ಅಷ್ಟೇ. ತಾತ ಎರಡು ವೀಳ್ಯದೆಲೆ, ಅಡಿಕೆ, ಅದರ ಮೇಲೆ ನೋಟಿಟ್ಟು ಎರಡೂ ಕೈಯಲ್ಲಿ ಕೊಟ್ಟರು.

ಬಸ್ಸಿಗೆ ಕಾಯುವಾಗ ಕೇಳಿದೆ: "ತಾತ, ಅವರೇನೂ ಮಾಡ್ಲಿಲ್ವಲ್ಲ, ದುಡ್ಡು ಯಾಕೆ ಕೊಟ್ಟೆ?"

ತಾತ ನನ್ನ ಎಡಗೈ ಹಿಡಿದು, ಬಿಡಿಸಿ, ಬೆರಳು ಒಂದೊಂದಾಗಿ ಮುಟ್ಟಿ ಎಣಿಸಿದರು. "ಐದೂ ಅವೆ. ನಡಿ."