ಸಂಗನಕಲ್ಲಿನ ಒಂದು ಕುರ್ಚಿ

ಬೆಂಗಳೂರಿನಿಂದ ಬಳ್ಳಾರಿಗೆ ಹೋದಾಗೆಲ್ಲ ನಾನು ಕಟಿಂಗ್ ಮಾಡಿಸೋದು ಪಕ್ಕದ ಸಂಗನಕಲ್ಲಿನಲ್ಲೇ. ಅಂಗಡಿ ನನ್ನ ಹೈಸ್ಕೂಲ್ ದೋಸ್ತನದು. ಒಂದೇ ಕುರ್ಚಿ, ಒಂದೇ ಕನ್ನಡಿ. ಅದರಲ್ಲಿ ಹಿಂದಿನ ಗುಡ್ಡ ಕಾಣುತ್ತೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿ ಕರಿಗಲ್ಲಿನ ಕೊಡಲಿ ತಯಾರಾಗ್ತಿದ್ದವು. ಬಂಡೆಗೆ ಉಜ್ಜಿ ಮಸೆದ ಗುರುತು ಇನ್ನೂ ಇವೆ.

ಈ ಸಲ ಅವನು ಕತ್ತರಿ ಹಿಡಿಯೋ ಮೊದಲು ಒಂದು ಕರಾರುಪತ್ರ ಕೈಗಿಟ್ಟ. ‘ಓದಿ ಹೇಳಲೇ, ಇಂಗ್ಲಿಷ್‌ನಾಗೈತಿ.’

ಸಿಟಿಯ ಲಕ್ಷುರಿ ಸಲೂನೊಂದು ಅವನನ್ನು ‘ಪಾರ್ಟ್ನರ್’ ಮಾಡಿಕೊಳ್ಳುತ್ತಂತೆ. ಎಸಿ, ಕುರ್ಚಿ ಅವರದು, ಕೈಚಳಕ, ಗಿರಾಕಿ ಇವನದು, ದುಡಿದದ್ದರಲ್ಲಿ ಪಾಲು. ಕೊನೆಯ ಪುಟದಲ್ಲೊಂದು ಸಾಲು: ಬಿಟ್ಟು ಹೋದರೆ ಎರಡು ವರ್ಷ ಬಳ್ಳಾರಿ ಸುತ್ತ ಸ್ವಂತ ಅಂಗಡಿ ಇಡುವಂತಿಲ್ಲ.

ನನ್ನ ಆಫರ್ ಲೆಟರ್‌ನಲ್ಲೂ ಇಂಥದ್ದೇ ಇತ್ತು, ಆಗ ವಿಚಾರಿಸಿದ್ದೆ. ಕೆಲಸ ಬಿಟ್ಟ ನೌಕರನ ಮೇಲೆ ಇಂಥ ನಿರ್ಬಂಧ 1872ರ ಕರಾರು ಕಾಯ್ದೆಯ 27ನೇ ಕಲಂ ಮುಂದೆ ನಿಲ್ಲಲ್ಲ. ನಿಜವಾದ ಪಾಲುದಾರನಿಗಾದರೆ 1932ರ ಪಾಲುದಾರಿಕೆ ಕಾಯ್ದೆ ಮಿತಿಯೊಳಗೆ ಒಪ್ಪುತ್ತೆ. ಅವನಿಗೆ ಖುಷಿ ಕೊಟ್ಟ ಪದವೇ ಅವನನ್ನು ಕಟ್ಟಿಹಾಕಬಹುದಿತ್ತು. ‘ವಕೀಲರಿಗೆ ತೋರಿಸು’ ಅಂದೆ.

‘ಎರಡ್ ವರ್ಷ ಗುಡ್ಡದಾಗ ಕೊಡ್ಲಿ ಮಸೀಲೇನು?’ ಅಂತ ನಕ್ಕ. ‘ಆ ಸಾಲು ತೆಗದ್ರಷ್ಟೇ ಸೈನು.’

ಕರಾರುಪತ್ರ ಡ್ರಾಯರಿಗೆ ಹಾಕಿ, ನನಗೆ ಬಟ್ಟೆ ಹೊದಿಸಿದ.