ಹೂಟಗಳ್ಳಿಯ ಮುಚ್ಚಿದ ಗೇಟು

ವೀಕೆಂಡಿಗೆ ಮೈಸೂರಿಗೆ ಬಂದವರ ಪ್ಲಾನ್ ಹೆಚ್ಚುಕಮ್ಮಿ ಒಂದೇ. ಬೆಳಗ್ಗೆ ಮೈಲಾರಿ ದೋಸೆ, ಆಮೇಲೆ ಚಾಮುಂಡಿ ಬೆಟ್ಟ, ಭಾನುವಾರ ಸಂಜೆಯಾದರೆ ಅರಮನೆಯ ದೀಪ. ಈ ಪಟ್ಟಿಗೆ ಸೇರದ, ಸೇರಲೂ ಬಾರದ ಕೆಲವು ಮನೆಗಳೂ ಇದೇ ಊರಲ್ಲಿವೆ.

ಕಲಾಮಂದಿರ ದಾಟಿ ಹುಣಸೂರು ರಸ್ತೆ ಹಿಡಿದರೆ ಪಡುವಾರಹಳ್ಳಿ, ಹಿನಕಲ್, ಆಮೇಲೆ ರಿಂಗ್ ರೋಡು. ಅಲ್ಲೇ ಹತ್ತಿರ ಹೂಟಗಳ್ಳಿ. ಇನ್ಫೋಸಿಸ್ ಕ್ಯಾಂಪಸ್ಸಿಗೂ ಇದು ದೂರವೇನಲ್ಲ. ನಿಮ್ಮಲ್ಲಿ ಕೆಲವರು ದಿನಾ ಈ ಕಡೆ ಓಡಾಡ್ತಿರಬಹುದು. ಇಲ್ಲಿದೆ ಒಡನಾಡಿ. ಪತ್ರಕರ್ತರಾಗಿದ್ದ ಸ್ಟ್ಯಾನ್ಲಿ ಮತ್ತು ಪರಶುರಾಮ್ 1990ರ ಸುಮಾರಿಗೆ ಶುರು ಮಾಡಿದ ಸಂಸ್ಥೆ. ಮಾನವ ಕಳ್ಳಸಾಗಣೆ, ಲೈಂಗಿಕ ದೌರ್ಜನ್ಯದಿಂದ ಪಾರಾಗಿ ಬಂದ ಹೆಣ್ಣುಮಕ್ಕಳಿಗೆ ಇದು ಆಸರೆ.

ಊರಿನ ಇನ್ನೊಂದು ಕಡೆ, ನಂಜನಗೂಡಿನ ದಾರಿಯಲ್ಲಿ, ಶಕ್ತಿಧಾಮ. ನೊಂದ ಹೆಣ್ಣುಮಕ್ಕಳಿಗಾಗಿ ಪಾರ್ವತಮ್ಮ ರಾಜ್‌ಕುಮಾರ್ ಕಟ್ಟಿ ಬೆಳೆಸಿದ ಮನೆ. ಪುನೀತ್ ತಾವು ಹಾಡಿದ ಹಾಡುಗಳಿಂದ ಬಂದ ಹಣವನ್ನ ಇಲ್ಲಿಗೆ ಕೊಡ್ತಿದ್ದರು. ಈಗ ಗೀತಾ ಶಿವರಾಜ್‌ಕುಮಾರ್ ನೋಡಿಕೊಳ್ತಿದ್ದಾರೆ. ಇವೆರಡರ ಜೊತೆಗೆ ಸರ್ಕಾರದ ಬಾಲಕಿಯರ ಬಾಲಮಂದಿರವೂ ಇದೆ.

ಒಬ್ಬ ಹುಡುಗಿ ಇಂಥ ಮನೆಗೆ ಬರೋದು ಹೇಗೆ? ಪೋಕ್ಸೊ ಕಾಯ್ದೆಯಡಿ ದೂರು ಬಂದರೆ ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಹಿಂಸೆ ಕೊಟ್ಟವನು ಅದೇ ಮನೆಯವನಾಗಿದ್ದರೆ ಮಗುವನ್ನ ಮತ್ತೆ ಅಲ್ಲಿಗೇ ಕಳಿಸೋಕಾಗುತ್ತಾ? ಇದನ್ನ ತೀರ್ಮಾನಿಸೋದು ಅಧ್ಯಕ್ಷರೂ 4 ಸದಸ್ಯರೂ ಇರೋ ಆ ಸಮಿತಿ. ಹೇಳಿಕೆ ಪಡೆಯೋ ಪೊಲೀಸರು ಯೂನಿಫಾರ್ಮಿನಲ್ಲಿ ಇರಬಾರದು. ರಾತ್ರಿ ಹೊತ್ತು ಮಗುವನ್ನ ಠಾಣೆಯಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ.

ಕಾನೂನು ಅವಳನ್ನ ಬಾಗಿಲವರೆಗೆ ತಂದು ಬಿಡುತ್ತೆ. ಒಳಗಿನ ಕೆಲಸ ಬೇರೆಯೇ, ಮತ್ತು ಅದು ತುಂಬಾ ನಿಧಾನ. ಮೊದಲು ನಿದ್ದೆ ಬರಬೇಕು. ಕತ್ತಲಾದರೆ, ಬಾಗಿಲ ಸದ್ದಾದರೆ ಬೆಚ್ಚಿಬೀಳೋ ಮಗುವಿಗೆ ಇಲ್ಲಿ ಯಾರೂ ಕೇಳದೆ ಒಳಗೆ ಬರಲ್ಲ ಅಂತ ನಂಬಿಕೆ ಹುಟ್ಟೋಕೇ ತಿಂಗಳುಗಳು ಬೇಕು. ಹೊತ್ತಿಗೆ ಸರಿಯಾಗಿ ಊಟ, ಬೆಳಗ್ಗೆ ತಲೆ ಬಾಚೋ ಜಗಳ, ಬಿಟ್ಟುಹೋದ ಸ್ಕೂಲು, ಎಸ್ಸೆಸ್ಸೆಲ್ಸಿ. ದಿನಾ ಒಂದೇ ಥರ ನಡೆಯೋ ಈ ಬೋರಿಂಗ್ ದಿನಚರಿಯೇ ಅರ್ಧ ಔಷಧಿ. ನಾಳೆ ಏನಾಗುತ್ತೋ ಅಂತ ಹೆದರಿ ಬದುಕಿದವಳಿಗೆ ನಾಳೆ ಏನಾಗುತ್ತೆ ಅಂತ ಗೊತ್ತಿರೋದೇ ದೊಡ್ಡ ನೆಮ್ಮದಿ.

ಇನ್ನರ್ಧ, ಬೇಡ ಅನ್ನೋ ಹಕ್ಕು. ಯಾವ ಬಟ್ಟೆ ಹಾಕ್ಕೊಳ್ಳಲಿ, ಇವತ್ತು ಮಾತಾಡ್ಲಾ ಸುಮ್ನಿರ್ಲಾ, ಇವರನ್ನ ಅಕ್ಕ ಅಂತ ಕರೀಲಾ... ಸಣ್ಣ ಸಣ್ಣ ತೀರ್ಮಾನ ಅವಳದ್ದೇ ಆಗ್ತಾ ಹೋದ ಹಾಗೆ ಮೈಮೇಲಿನ ಅಧಿಕಾರವೂ ಅವಳಿಗೆ ವಾಪಸ್ ಸಿಗುತ್ತೆ. ಅದಕ್ಕೇ ಗೇಟು ಮುಚ್ಚಿರೋದು ಮುಖ್ಯ. ಯಾರು ತನ್ನನ್ನ ನೋಡಬಹುದು ಅನ್ನೋದನ್ನ ಬಹುಶಃ ಮೊದಲ ಸಲ ಅವಳು ನಿರ್ಧರಿಸ್ತಿದ್ದಾಳೆ.

ಮುಚ್ಚಿದ ಗೇಟು ಅಂದರೆ ಬಚ್ಚಿಟ್ಟ ಬದುಕು ಅಂತಲ್ಲ. 2010ರಲ್ಲಿ ಒಡನಾಡಿಯ ಹೆಣ್ಣುಮಕ್ಕಳು ಮಾನವ ಕಳ್ಳಸಾಗಣೆ ವಿರುದ್ಧ ದನಿಯೆತ್ತಿ ಅರಮನೆ ಮುಂದೆಯೇ ಯೋಗ ಮಾಡಿದ್ದರು. ಆ ಅಭಿಯಾನ ಮುಂದೆ ಬೇರೆ ದೇಶಗಳ ಯೋಗಶಾಲೆಗಳಿಗೂ ಹಬ್ಬಿತು. ಯಾರೋ ಬಂದು ನೋಡಿಕೊಂಡು ಹೋಗೋದಕ್ಕೂ ತಾನೇ ಎದ್ದು ಬಂದು ನಿಲ್ಲೋದಕ್ಕೂ ಎಷ್ಟೊಂದು ವ್ಯತ್ಯಾಸ!

ಕಷ್ಟದ ತಿರುವು 18ನೇ ಹುಟ್ಟುಹಬ್ಬ. ಅಲ್ಲಿಗೆ ಮಕ್ಕಳ ಆಶ್ರಯ ಮುಗಿಯುತ್ತೆ. ಬಾಲನ್ಯಾಯ ಕಾಯ್ದೆಯಲ್ಲಿ 21ರವರೆಗೆ ಅನುಪಾಲನೆಗೆ ಅವಕಾಶ ಇದೆ, ನಿಜ. ಆದರೆ ಪಿಜಿ ಬಾಡಿಗೆ, ಮೊದಲ ಕೆಲಸ, 'ಅಪ್ಪ-ಅಮ್ಮ ಎಲ್ಲಿ?' ಅನ್ನೋ ಎಚ್‌ಆರ್ ಪ್ರಶ್ನೆ ಇವನ್ನೆಲ್ಲ ಅವಳು ಎದುರಿಸಲೇಬೇಕು. ಈ ಜಾಗದಲ್ಲೇ ನಮ್ಮಂಥವರ ಅಗತ್ಯ ಇರೋದು. ನಿಮ್ಮ ಆಫೀಸಿನಲ್ಲಿ ಒಂದು ಇಂಟರ್ನ್‌ಶಿಪ್, ತಿಂಗಳ ಕಾಲೇಜು ಫೀಸಿಗೆ ಒಂದು ಪಾಲು, ಸಂಸ್ಥೆ ಒಪ್ಪಿದರೆ ಕಂಪ್ಯೂಟರ್ ಪಾಠ. ಇದರಲ್ಲಿ ಯಾವುದಾದರೂ ಒಂದು ನಮ್ಮ ಕೈಲಾಗುತ್ತೆ.

ಬರ್ತ್‌ಡೇ ಕೇಕ್ ಹಿಡಿದು ಹೋಗಿ ಮಕ್ಕಳ ಜೊತೆ ಸೆಲ್ಫಿ ತೆಗೆಯೋದು ಮಾತ್ರ ಬೇಡ. ಇಂಥ ಮಕ್ಕಳ ಗುರುತನ್ನ ಬಹಿರಂಗಪಡಿಸಿದರೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಕಾನೂನು ಹಾಗಿರಲಿ, ಪ್ರತಿ ಭಾನುವಾರ ಹೊಸ ಮುಖಗಳ ಮುಂದೆ ನಗಬೇಕಾದ ಮಗು ಮತ್ತೆ ಬೇರೆಯವರ ಇಷ್ಟಕ್ಕೇ ಕುಣಿದ ಹಾಗಾಗುತ್ತೆ.

ಫೋನಿನಲ್ಲಿ ಒಂದು ನಂಬರ್ ಸೇವ್ ಮಾಡಿಕೊಳ್ಳಿ: 1098. ಪಕ್ಕದ ಮನೆಯಲ್ಲೋ ಬಸ್ಸಿನಲ್ಲೋ ಯಾವುದಾದರೂ ಮಗುವಿನ ವಿಷಯದಲ್ಲಿ ಅನುಮಾನ ಬಂದರೆ ಈ ನಂಬರಿಗೆ ಹೇಳಿ. ಮುಂದಿನ ಸಲ ಹೂಟಗಳ್ಳಿ ಕಡೆ ಹೋದಾಗ ಆ ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ. ಒಳಗೆ ಯಾರೋ ನಾಳೆಯ ಪರೀಕ್ಷೆಗೆ ಓದ್ತಿರಬಹುದು.