ಗಿಡ್ಡ ಹಿಡಿಯೋ, ಹಗುರ ಹಿಡಿಯೋ?

ಮನೆಗೆ ಒಂದು ವಸ್ತುವನ್ನು ಕೊಳ್ಳುವಾಗ ಬೆಲೆಯನ್ನು ವಿಚಾರಿಸುತ್ತೇವೆ, ಬಾಳಿಕೆಯನ್ನು ವಿಚಾರಿಸುತ್ತೇವೆ. ಅದನ್ನು ನಿತ್ಯ ಬಳಸುವವರನ್ನು ವಿಚಾರಿಸುವುದನ್ನು ಮಾತ್ರ ಮರೆಯುತ್ತೇವೆ. ಈ ಅರಿವು ನಮಗೆ ಬಂದದ್ದು ಕಾರಿನ ಗೇರಿನ ಹಿಡಿಯಿಂದ ಎಂದರೆ ಓದುಗ ಬಂಧುಗಳು ನಕ್ಕಾರು.

ನಮ್ಮದು ನಾಲ್ಕು ಗೇರಿನ ಹಳೆಯ ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಂತ ಈ ಪುಟ್ಟ ಕಾರು ಎಷ್ಟೋ ಮಧ್ಯಮವರ್ಗದ ಮನೆಗಳಿಗೆ ಮೊದಲ ಕಾರು. ಹದಿನೈದು ವರ್ಷ ತುಂಬಿದ ಮೇಲೂ ನೋಂದಣಿಯನ್ನು ನವೀಕರಿಸಿ ಇಟ್ಟುಕೊಂಡಿದ್ದೇವೆ. ಕಣ್ಣಿನ ತೊಂದರೆಯಿಂದ ನಾವು ಕಾರು ನಡೆಸುವುದನ್ನು ಬಿಟ್ಟ ಮೇಲೆ, ರಾಣೆಬೆನ್ನೂರಿನಿಂದ ಬ್ಯಾಡಗಿ ತಾಲೂಕಿನ ತಮ್ಮ ಶಾಲೆಗೆ ಮನೆಯವರೇ ನಡೆಸಿಕೊಂಡು ಹೋಗುತ್ತಾರೆ.

ಕಳೆದ ವರ್ಷ ಅವರ ಎಡಭುಜ ಬಿಗಿದುಕೊಂಡಿತು. ನಮ್ಮ ದೇಶದ ಕಾರುಗಳಲ್ಲಿ ಗೇರು ಬದಲಿಸುವುದು ಎಡಗೈಯ ಕೆಲಸ. ಮೊದಲನೆಯ ಗೇರಿಗಂತೂ ಹಿಡಿಯನ್ನು ಎಡಕ್ಕೆ ಸರಿಸಿ ಮುಂದಕ್ಕೆ ತಳ್ಳಬೇಕು. ಸಂಜೆ ಮನೆಗೆ ಬಂದಾಗ ಸೆರಗು ಸರಿಪಡಿಸಿಕೊಳ್ಳಲೂ ಅವರ ಕೈ ಏಳುತ್ತಿರಲಿಲ್ಲ. ನಿವೃತ್ತಿಗೆ ಇನ್ನೂ ಮೂರು ವರ್ಷವಿರುವಾಗಲೇ ಕೆಲಸ ಬಿಡುವ ಮಾತು ಮನೆಯಲ್ಲಿ ಸುಳಿಯಿತು.

ಬೆಂಗಳೂರಿನಲ್ಲಿ ಓದುತ್ತಿರುವ ಮಗ ರಜೆಗೆ ಬಂದವನು ಒಂದು ಉಪಾಯ ಹೇಳಿದ. "ಅಪ್ಪಾ, ಶಾರ್ಟ್ ಶಿಫ್ಟರ್ ಹಾಕಿಸೋಣ. ಹಿಡಿ ಸ್ವಲ್ಪವೇ ಸರಿದರೂ ಗೇರು ಬೀಳುತ್ತದೆ, ಅವ್ವ ಕೈ ಚಾಚುವುದು ತಪ್ಪುತ್ತದೆ" ಎಂದ. 1989ರಲ್ಲಿ ಬಂದ ಜಪಾನಿನ ಮಾಜ್ದಾ ಎಂಎಕ್ಸ್-5 ಎಂಬ ಎರಡು ಆಸನದ ಕಾರನ್ನು ಅದರ ಚುಟುಕಾದ ಗೇರು ಚಲನೆಗಾಗಿ ಕಾರುಪ್ರಿಯರು ಮೆಚ್ಚುತ್ತಾರೆಂದೂ ವಿವರಿಸಿದ. ಗೇರಿನ ಹಿಡಿ ಒಂದು ಸನ್ನೆಗೋಲು. ಅದರ ಆಧಾರಬಿಂದುವಿನ ಮೇಲಿನ ಭಾಗವನ್ನು ಗಿಡ್ಡ ಮಾಡಿದರೆ, ಇಲ್ಲವೇ ಕೆಳಗಿನ ಭಾಗವನ್ನು ಉದ್ದ ಮಾಡಿದರೆ, ಅಂಗೈ ಸಾಗಬೇಕಾದ ದೂರ ಕಡಿಮೆಯಾಗುತ್ತದೆ. ಕೆಳಭಾಗ ಉದ್ದವಿರುವ ಹೊಸ ಹಿಡಿಯನ್ನು ಮಾಡಿಸಲು ಏಳು ಸಾವಿರ ರೂಪಾಯಿ. ಇರುವ ಹಿಡಿಯನ್ನೇ ಕತ್ತರಿಸಿ ಬೆಸುಗೆ ಹಾಕಿಸಿದರೆ ಒಂದೂವರೆ ಸಾವಿರ. ತಂದೆ ಮಗ ಇಬ್ಬರೂ ಕೂತು ಲೆಕ್ಕ ಹಾಕಿ ಅಗ್ಗದ್ದನ್ನೇ ನಿಶ್ಚಯಿಸಿದೆವು.

ಗ್ಯಾರೇಜಿನ ಮಿಸ್ತ್ರಿ ನಮ್ಮ ಮಾತನ್ನೆಲ್ಲ ಕೇಳಿ, ಮೂಲೆಯಲ್ಲಿದ್ದ ಹಾರೆಯನ್ನು ತೋರಿಸಿದ. "ಉದ್ದ ಹಾರೀಲೆ ಕಲ್ಲು ಮೀಟೋದು ಸುಲಭೋ, ಗಿಡ್ಡ ಹಾರೀಲೆ ಸುಲಭೋ ಹೇಳ್ರಿ?" ನಾವು ನಿರುತ್ತರರಾದೆವು. ಚಲನೆ ಕಡಿಮೆಯಾದಷ್ಟೂ ಬಲ ಹೆಚ್ಚು ಬೇಕು. ಹಿಡಿಯ ಚಲನೆ ನೂರಕ್ಕೆ 30ರಷ್ಟು ತಗ್ಗಿದರೆ ಬೇಕಾಗುವ ಬಲ ನೂರಕ್ಕೆ ಸುಮಾರು 43ರಷ್ಟು ಏರುತ್ತದೆಂದು ಮಗನೇ ಆಮೇಲೆ ಲೆಕ್ಕ ಮಾಡಿ ತೋರಿಸಿದ. ನೋಯುವ ಭುಜಕ್ಕೆ ನಾವು ಹಣ ಕೊಟ್ಟು ಹೊರೆ ಹೇರಲು ಹೊರಟಿದ್ದೆವು!

ಮಿಸ್ತ್ರಿ ಮನೆಯವರನ್ನು ಕಾರಿನಲ್ಲಿ ಕೂರಿಸಿ, "ಅಕ್ಕಾರ, ನಿಮಗ ಯಾವಾಗ ನೋಯ್ತದ್ರಿ?" ಎಂದು ಕೇಳಿದ. ಅವರು ಸಾವಧಾನವಾಗಿ ಹೇಳಿದರು: "ಕೈ ಚಾಚುವಾಗ ಅಲ್ಲ. ಮೊದಲನೆಯ ಗೇರು ಸಿಗುವುದಿಲ್ಲ. ಹುಡುಕಿ ಹುಡುಕಿ ಎರಡು ಮೂರು ಸಲ ತಳ್ಳಬೇಕು. ಆಗ ಭುಜ ಹಿಡಿದುಕೊಳ್ಳುತ್ತದೆ." ಈ ಪ್ರಶ್ನೆಯನ್ನು ಮನೆಯಲ್ಲಿದ್ದ ನಾವಿಬ್ಬರೂ ಒಮ್ಮೆಯೂ ಕೇಳಿರಲಿಲ್ಲ. ಆ ನಾಚಿಕೆಯನ್ನು ಇಲ್ಲಿ ಮುಚ್ಚಿಡಲಾರೆವು.

ಪರೀಕ್ಷಿಸಿದಾಗ ದೋಷ ಕಾರಿನದಲ್ಲ, ನಮ್ಮ ಆಲಸ್ಯದ್ದೆಂದು ತಿಳಿಯಿತು. ಹಿಡಿಯಿಂದ ಗೇರ್‌ಬಾಕ್ಸಿನವರೆಗೆ ಹೋಗುವ ಸರಳುಗಳ ಸಂದಿನ ಬುಷ್‌ಗಳು ಸವೆದಿದ್ದವು. ಗೇರಿನಲ್ಲಿದ್ದಾಗಲೂ ಹಿಡಿ ಗಂಟೆಯ ನಾಲಗೆಯಂತೆ ಅಲ್ಲಾಡುತ್ತಿತ್ತು. ಕ್ಲಚ್ ಕೇಬಲ್ ಸಡಿಲವಾಗಿದ್ದರಿಂದ ಕ್ಲಚ್ ಪೂರ್ತಿ ಬಿಡುತ್ತಿರಲಿಲ್ಲ. ಗೇರ್ ಆಯಿಲ್ ಬದಲಿಸಿ ಎಷ್ಟು ವರ್ಷವಾಗಿತ್ತೋ ನೆನಪಿಲ್ಲ. ಮೂರನ್ನೂ ಸರಿಪಡಿಸಲು ಕೂಲಿ ಸೇರಿ 1,150 ರೂಪಾಯಿ ತಗುಲಿತು. "ಅಕ್ಕಾರಿಗೆ ಬೇಕಾಗಿದ್ದು ಗಿಡ್ಡ ಹಿಡಿ ಅಲ್ರೀ, ಹಗೂರ ಹಿಡಿ" ಎಂದು ಮಿಸ್ತ್ರಿ ನಕ್ಕ.

ಶಾರ್ಟ್ ಶಿಫ್ಟರ್ ಕೆಟ್ಟದ್ದೆಂದು ನಮ್ಮ ಮಾತಿನ ಅರ್ಥವಲ್ಲ. ತೋಳಿನಲ್ಲಿ ಕಸುವಿರುವ ತರುಣರು ಇಷ್ಟಪಟ್ಟರೆ ಹಾಕಿಸಿಕೊಳ್ಳಲಿ. ಆದರೆ ಮೊದಲು ಎಂಜಿನ್ ನಿಲ್ಲಿಸಿ, ಕಾರನ್ನು ಗೇರಿನಲ್ಲಿಟ್ಟು ಹಿಡಿಯನ್ನು ಅಲುಗಿಸಿ ನೋಡಲಿ. ಬಹಳ ಸಡಿಲವಿದ್ದರೆ ಮೊದಲ ಖರ್ಚು ಬುಷ್‌ಗಳಿಗಾಗಲಿ. ಕತ್ತರಿಸಿ ಬೆಸೆದ ಹಿಡಿಯನ್ನು ಅಗ್ಗವೆಂದು ನಂಬದಿರಲಿ; ಬೆಸುಗೆ ನಡುದಾರಿಯಲ್ಲಿ ಬಿಟ್ಟರೆ ಗತಿಯೇನು? ಹಿಡಿ ಗಿಡ್ಡವಾಯಿತೆಂದು ಅವಸರದಿಂದ ಬಡಿದು ಗೇರು ಹಾಕಿದರೆ ಒಳಗಿನ ಸಿಂಕ್ರೊನೈಸರ್ ಉಂಗುರಗಳು ಸವೆಯುತ್ತವೆ. ಅದರ ದುರಸ್ತಿಗೆ ಗೇರ್‌ಬಾಕ್ಸನ್ನೇ ಬಿಚ್ಚಬೇಕು.

ವೈದ್ಯರು ಹೇಳಿದ ವ್ಯಾಯಾಮವನ್ನು ಮನೆಯವರು ಬಿಟ್ಟಿಲ್ಲ, ನೋವು ಪೂರ್ತಿ ಹೋಗಿಲ್ಲ. ಆದರೂ ಬೆಳಗಿನ ಎಂಟು ಗಂಟೆಗೆ ಮೊದಲನೆಯ ಗೇರು ಒಂದೇ ಸಲಕ್ಕೆ ಬಿದ್ದು ಕಾರು ಅಂಗಳ ದಾಟುತ್ತದೆ. ಕೆಲಸ ಬಿಡುವ ಮಾತನ್ನು ಈಗ ಯಾರೂ ಆಡುವುದಿಲ್ಲ.